ಗ್ರೌಟ್ ಆಯಿತು, ಸೀಲರ್‌ಗೆ ಇನ್ನೂ ಸಮಯವಿದೆ

ನೆಲಕ್ಕೆ ಕಲ್ಲು ಹಾಸಿ, ಸಂದಿಗೆ ಗ್ರೌಟ್ ತುಂಬಿ ಮೇಸ್ತ್ರಿ ಹೋದ ಮರುದಿನ ಕಲ್ಲಿನ ಮೇಲೆಲ್ಲ ತೆಳ್ಳಗಿನ ಬಿಳಿ ಪೊರೆ ಕಾಣುತ್ತದೆ. ಆಗ ಎಲ್ಲರ ಬಾಯಲ್ಲೂ ಬರುವ ಸಲಹೆ ಒಂದೇ: "ಸ್ವಲ್ಪ ಆಸಿಡ್ ಹಾಕಿ ತೊಳೀರಿ, ಹೋಗ್ತದೆ." ಹೋಗುವುದೇನೋ ನಿಜ. ಆದರೆ ಕಾರವಾರದಿಂದ ಭಟ್ಕಳದವರೆಗೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ ಎಷ್ಟೋ ಮನೆಗಳ ನೆಲಕ್ಕೆ ಹಾಸುವುದು ಕಡಪ, ಕೋಟಾ, ಶಹಾಬಾದ್ ಕಲ್ಲು. ಈ ಕಲ್ಲುಗಳಲ್ಲಿ ಪೊರೆಯ ಜೊತೆಗೆ ಕಲ್ಲಿನ ಮೈಯೂ ಹೋಗುತ್ತದೆ.

ಮೂರೂ ಸುಣ್ಣಕಲ್ಲಿನ ಜಾತಿ. ಇವುಗಳ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದಕ್ಕೆ ಗ್ರೌಟಿನ ಸಿಮೆಂಟೂ ಒಂದೇ, ಕಲ್ಲಿನೊಳಗಿನ ಸುಣ್ಣವೂ ಒಂದೇ. ಸುರಿದ ಕೂಡಲೇ ನೊರೆ ಎದ್ದರೆ "ಕೊಳೆ ಬಿಡ್ತಾ ಇದೆ" ಎಂದು ಖುಷಿಪಡುವವರಿದ್ದಾರೆ. ಬಿಡುತ್ತಿರುವುದು ಕೊಳೆಯಲ್ಲ, ಕಲ್ಲು. ಒಣಗಿದ ಮೇಲೆ ಹೊಳಪು ಸತ್ತು ಮಂಕಾಗಿರುತ್ತದೆ, ಕೈಯಾಡಿಸಿದರೆ ತರಿತರಿ ಎನ್ನುತ್ತದೆ. ಅದರ ಹಬೆ ಹತ್ತಿರದ ಸ್ಟೀಲಿನ ನಲ್ಲಿ, ಬಾಗಿಲ ಚಿಲಕ, ಕಿಟಕಿಯ ಗ್ರಿಲ್‌ಗೂ ತಾಗಿ ವಾರದೊಳಗೆ ತುಕ್ಕಿನ ಚುಕ್ಕೆ ಏಳುತ್ತದೆ. ಇಲ್ಲಿನ ಉಪ್ಪುಗಾಳಿಗೆ ಅಷ್ಟು ನೆಪ ಸಾಕು.

ನಿಮ್ಮ ಕಲ್ಲು ಯಾವ ಜಾತಿ ಎಂದು ಗೊತ್ತಿಲ್ಲದಿದ್ದರೆ ಕತ್ತರಿಸಿ ಉಳಿದ ಚೂರೊಂದನ್ನು ತೆಗೆದುಕೊಂಡು, ಅದರ ಪಾಲಿಶ್ ಆದ ಮುಖದ ಮೇಲೆ ನಿಂಬೆರಸದ ನಾಲ್ಕು ಹನಿ ಬಿಡಿ. 5 ನಿಮಿಷ ಬಿಟ್ಟು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹನಿಯ ಆಕಾರದಲ್ಲೇ ಮಂಕು ಕಲೆ ಉಳಿದರೆ ಅದು ಸುಣ್ಣಕಲ್ಲು ಅಥವಾ ಮಾರ್ಬಲ್. ಏನೂ ಆಗದಿದ್ದರೆ ಬಹುತೇಕ ಗ್ರಾನೈಟ್. ಗ್ರಾನೈಟ್ ಆಸಿಡ್‌ಗೆ ಕರಗುವುದಿಲ್ಲ ಎಂಬ ಧೈರ್ಯವೂ ಪೂರ್ತಿ ಸರಿಯಲ್ಲ. ಕೆಲವು ಗ್ರಾನೈಟ್‌ಗಳಲ್ಲಿ ಕಬ್ಬಿಣದ ಅಂಶವಿರುವ ಕಣಗಳಿರುತ್ತವೆ. ಆಸಿಡ್ ತಾಗಿದರೆ ಅವು ಹಳದಿ ತುಕ್ಕಾಗಿ ಹೊರಬರುತ್ತವೆ. ಸಂದಿನ ಸಿಮೆಂಟ್ ಹೇಗೂ ಸವೆಯುತ್ತದೆ. ಇನ್ನು ಚಿರೆಕಲ್ಲಿನ ಕೆಂಪೇ ಕಬ್ಬಿಣದ ಆಕ್ಸೈಡ್‌ನದು, ಮೈಯೆಲ್ಲ ತೂತು. ಅದರೊಳಗೆ ಹೋದ ಆಸಿಡ್ ಎಷ್ಟು ನೀರು ಸುರಿದರೂ ಪೂರ್ತಿ ಹೊರಬರುವುದಿಲ್ಲ. ಚಿರೆಕಲ್ಲಿಗೆ ಆಸಿಡ್ ಬೇಡವೇ ಬೇಡ.

ಪೊರೆ ತೆಗೆಯುವುದು

ಪೊರೆ ದಪ್ಪಗೆ ಬಂತೆಂದರೆ ಹೆಚ್ಚಾಗಿ ಅದು ನೀರು ಹೆಚ್ಚಾದದ್ದರ ಫಲ. ಪ್ಯಾಕೆಟ್ ಮೇಲೆ ಬರೆದ ಅಳತೆ ಬಿಟ್ಟು ಕಣ್ಣಂದಾಜಿನಲ್ಲಿ ನೀರು ಸುರಿದರೆ ಸಿಮೆಂಟಿನ ನುಣುಪು ಕಣಗಳೂ ಬಣ್ಣವೂ ಮೇಲೆ ತೇಲುತ್ತವೆ, ನೀರು ಆರಿದ ಮೇಲೆ ಕಲ್ಲಿಗೇ ಅಂಟುತ್ತವೆ. ಒರೆಸುವ ಸ್ಪಂಜಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದರೂ ಇದೇ ಕಥೆ. ಸಂದು 3 ಮಿ.ಮೀ. ಒಳಗಿದ್ದರೆ ಮರಳಿಲ್ಲದ ಗ್ರೌಟ್, ಅದಕ್ಕಿಂತ ಅಗಲವಿದ್ದರೆ ಮರಳಿನ ಗ್ರೌಟ್. ಮರಳಿನದನ್ನು ಪಾಲಿಶ್ ಮಾಡಿದ ಕಡಪದ ಮೇಲೆ ಎಳೆದರೆ ಗೀರು ಬೀಳುವುದು ಖಚಿತ.

ಗ್ರೌಟ್ ತುಂಬಿ 20–30 ನಿಮಿಷಕ್ಕೆ ಸಂದಿನ ಮೇಲಿನ ತೇವದ ಹೊಳಪು ಆರುತ್ತದೆ, ಬೆರಳಿಟ್ಟರೆ ಅಂಟುವುದಿಲ್ಲ. ಮೊದಲ ಸ್ಪಂಜು ಆಗ. ಚೆನ್ನಾಗಿ ಹಿಂಡಿ, ಸಂದಿಗೆ ಓರೆಯಾಗಿ ಎಳೆಯಬೇಕು. ಸಂದಿನ ಉದ್ದಕ್ಕೇ ಎಳೆದರೆ ಗ್ರೌಟ್ ಕಿತ್ತು ಹಳ್ಳ ಬೀಳುತ್ತದೆ. ಸ್ಪಂಜಿನ ಒಂದು ಮಗ್ಗುಲಿಗೆ ಒಂದೇ ಎಳೆತ. ಸುಮಾರು 30–40 ಚದರ ಅಡಿಗೊಮ್ಮೆ ಬಕೆಟ್ ನೀರು ಬದಲಿಸಿ. ಸಿಮೆಂಟ್ ಕದಡಿದ ನೀರಿನಲ್ಲೇ ಇಡೀ ಹಾಲ್ ಒರೆಸಿದರೆ ಪೊರೆಯನ್ನು ನೀವೇ ಬಳಿದಂತಾಯಿತು. ಎರಡು ಮೂರು ಗಂಟೆ ಕಳೆದು, ಒಣಗಿದ ಬನಿಯನ್ ಬಟ್ಟೆಯಿಂದ ಗುಂಡಗೆ ತಿಕ್ಕಿ. ಪೊರೆ ಅರ್ಧಕ್ಕರ್ಧ ಇಲ್ಲೇ ಹೋಗುತ್ತದೆ, ಖರ್ಚಿಲ್ಲದೆ. ಈ ಒಂದು ಗಂಟೆಯ ಕೆಲಸವನ್ನು ಬಿಟ್ಟಿದ್ದಕ್ಕೇ ಆಮೇಲೆ ಆಸಿಡ್ ಬಾಟಲಿ ಹುಡುಕುವ ಪ್ರಮೇಯ ಬರುವುದು.

ಒಣ ಮರದ ಹೊಟ್ಟಿನಿಂದ ತಿಕ್ಕುವ ಹಳೆಯ ಪದ್ಧತಿ ನಮ್ಮ ಕಡೆ ಇನ್ನೂ ಇದೆ, ಒಳ್ಳೆಯದೇ. ಎರಡು ಎಚ್ಚರಿಕೆ ಸಾಕು: ಹೊಟ್ಟು ಪೂರ್ತಿ ಒಣಗಿರಬೇಕು, ಮತ್ತು ಹೊನ್ನೆಯದಾಗಿರಬಾರದು. ನೀರು ತಾಗಿದರೆ ಹೊನ್ನೆ ಹಳದಿ ಕಂದು ಬಣ್ಣ ಬಿಡುತ್ತದೆ, ಕೋಟಾದಂಥ ತಿಳಿ ಕಲ್ಲು ಅದನ್ನು ಹೀರಿಕೊಳ್ಳುತ್ತದೆ. ಸಾಮಿಲ್‌ನಿಂದ ಚೀಲ ತರುವಾಗ ಯಾವ ಮರದ್ದೆಂದು ಕೇಳಿ.

ಮರುದಿನಕ್ಕೂ ಪೊರೆ ಉಳಿದಿದ್ದರೆ ಬಿಳಿ ನೈಲಾನ್ ಪ್ಯಾಡ್ ಮತ್ತು ಬರೀ ನೀರು. ಪಾತ್ರೆ ತಿಕ್ಕುವ ಹಸಿರು ಪ್ಯಾಡ್ ಬೇಡ, ಅದರಲ್ಲಿ ಉಜ್ಜುವ ಪುಡಿ ಇರುತ್ತದೆ, ಪಾಲಿಶ್ ಕೆಡಿಸುತ್ತದೆ. ನೀರನ್ನು ನಿಲ್ಲಲು ಬಿಡದೆ ಕೂಡಲೇ ಬಳಿದು ತೆಗೆಯಿರಿ. ಮೂರನೇ ದಿನದ ನಂತರ ಪಿಎಚ್ 7ರ ಆಸುಪಾಸಿನ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ, ಸ್ಟೋನ್ ಕ್ಲೀನರ್ ಬಳಸಬಹುದು. ಸಿಗದಿದ್ದರೆ 10 ಲೀಟರ್ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಹೆಚ್ಚು ಹಾಕಿದರೆ ಸೋಪಿನ ಪದರ ಉಳಿದು, ಕಲ್ಲು ನೀರು, ಎಣ್ಣೆ ಹೀರದಂತೆ ಕೊನೆಗೆ ಹಚ್ಚುವ ದ್ರವ, ಅಂದರೆ ಸೀಲರ್, ಒಳಗಿಳಿಯಲು ಬಿಡುವುದಿಲ್ಲ. ಆಮೇಲೆ ಬರೀ ನೀರಿನಲ್ಲಿ ಎರಡು ಸಲ ತೊಳೆಯಬೇಕು. ಕಡಲಂಚಿನ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಸವಳಾಗುತ್ತದೆ. ಕಡೆಯ ತೊಳೆತಕ್ಕೆ ಆ ನೀರು ಬಳಸಿದರೆ ಉಪ್ಪನ್ನು ನೀವೇ ಕಲ್ಲಿಗೆ ಕುಡಿಸಿದ ಹಾಗೆ. ಕುಡಿಯಲು ಬಳಸುವ ಸಿಹಿನೀರನ್ನೇ ತನ್ನಿ. ಕಬ್ಬಿಣದ ವಾಸನೆಯ ಬೋರ್‌ವೆಲ್ ನೀರೂ ತಿಳಿ ಕಲ್ಲಿಗೆ ಆಗದು, ಹಳದಿ ಛಾಯೆ ಬಿಡುತ್ತದೆ.

ವಾರ ಕಳೆದು ಗಟ್ಟಿಯಾದ ಪೊರೆ ತೆಗೆಯುವ ದಾರಿ ಕಲ್ಲು ಯಾವ ಜಾತಿ ಎಂಬುದರ ಮೇಲೆ ಹೋಗುತ್ತದೆ. ಸುಣ್ಣಕಲ್ಲಾದರೆ: ನೀರು ಚಿಮುಕಿಸಿ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆಯಿರಿ, ಆಮ್ಲವಿಲ್ಲದ ಪೊರೆ ತೆಗೆಯುವ ದ್ರಾವಣ ಸಿಕ್ಕಿದರೆ ಮೂಲೆಯಲ್ಲಿ ಪರೀಕ್ಷಿಸಿ ಬಳಸಿ, ಅದಕ್ಕೂ ಜಗ್ಗದಿದ್ದರೆ ಪಾಲಿಶ್ ಮಶಿನ್‌ನವರನ್ನು ಕರೆಸಿ ನುಣುಪು ಪ್ಯಾಡ್‌ನಲ್ಲಿ ಒಂದು ಕೈ ಆಡಿಸುವುದು. ಗ್ರಾನೈಟ್ ಆದರೆ ಸಲ್ಫಾಮಿಕ್ ಆಮ್ಲದ ಪುಡಿ ಸಾಕು, ಹೈಡ್ರೋಕ್ಲೋರಿಕ್ ಬೇಕಿಲ್ಲ: ಗ್ರೌಟ್ ಆಗಿ ಕನಿಷ್ಠ 10 ದಿನ ಕಳೆದ ಮೇಲೆ, ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಕರಗಿಸಿ, ಸಂದುಗಳನ್ನು ಮೊದಲು ಬರೀ ನೀರಿನಲ್ಲಿ ನೆನೆಸಿ (ಆಗ ಆಮ್ಲ ಒಳಗೆ ಇಳಿಯುವುದಿಲ್ಲ), ಹಚ್ಚಿ 5 ನಿಮಿಷಕ್ಕೆ ತಿಕ್ಕಿ ತೊಳೆದು, ಕೊನೆಗೆ ಒಂದು ಬಕೆಟ್ ನೀರಿಗೆ ಎರಡು ದೊಡ್ಡ ಚಮಚ ಅಡಿಗೆ ಸೋಡಾ ಬೆರೆಸಿ ಒರೆಸಿ. ಕೈಗವಸು, ಕನ್ನಡಕ ಬೇಕೇ ಬೇಕು. ಆಸಿಡ್ ಬಳಸಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ತಾಗಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಸಿಮೆಂಟಿನ ಬದಲು ರಾಳದ ಅಂಟಿನಿಂದ ಮಾಡಿದ ಎಪಾಕ್ಸಿ ಗ್ರೌಟಿನ ಲೆಕ್ಕ ಬೇರೆ. ಅದರ ಅಂಟು ಗಟ್ಟಿಯಾಗುವ ಮುನ್ನವೇ, ಅದೇ ಗಂಟೆಯಲ್ಲೇ, ತೊಳೆಯಬೇಕು. ತೂತಿರುವ ಕಲ್ಲಿಗೆ ಎಪಾಕ್ಸಿ ಹಾಕುವ ಯೋಚನೆ ಇದ್ದರೆ ಇನ್ನೊಮ್ಮೆ ಯೋಚಿಸಿ.

ಚಿರೆಕಲ್ಲು, ಪಾಲಿಶ್ ಮಾಡದ ಶಹಾಬಾದ್, ಒರಟು ಕೋಟಾ ಇವಕ್ಕೆ ಗ್ರೌಟಿಗೆ ಮೊದಲೇ ಒಂದು ಕೈ ಸೀಲರ್ ಹಚ್ಚಿಕೊಂಡರೆ ಪೊರೆಯ ತಲೆನೋವು ಮುಕ್ಕಾಲು ಪಾಲು ಇರುವುದಿಲ್ಲ. ಕಪ್ಪು ಅಥವಾ ಕೆಂಪು ಗ್ರೌಟಿನ ಬಣ್ಣ ತೂತಿನೊಳಗೆ ಕೂತುಬಿಟ್ಟರೆ ಆಮೇಲೆ ತೆಗೆಯಲು ಸಾಧ್ಯವೇ ಇಲ್ಲ. ಹಚ್ಚುವಾಗ ಸಂದಿನ ಒಳಗೋಡೆಗೆ ಇಳಿಯದಂತೆ ನೋಡಿಕೊಳ್ಳಬೇಕು, ಇಳಿದರೆ ಗ್ರೌಟ್ ಹಿಡಿಯದು.

ಒಣಗಿದೆಯೇ?

ಸೀಲರ್ ಕೆಟ್ಟದ್ದು, ಕಂಪನಿ ಮೋಸ ಎಂಬ ದೂರು ಬಂದಾಗ ನೂರಕ್ಕೆ ತೊಂಬತ್ತು ಸಲ ನಡೆದಿರುವುದು ಇಷ್ಟೇ: ಒದ್ದೆ ಕಲ್ಲಿಗೆ ಹಚ್ಚಿದ್ದಾರೆ. ನೋಡಲು ಒಣಗಿದ ಕಲ್ಲಿನ ಅಡಿಯಲ್ಲಿ 40–50 ಮಿ.ಮೀ. ಗಾರೆ ಇರುತ್ತದೆ. ಹವೆ ಒಣಗಿದ್ದಾಗ ಗಾರೆ ಒಣಗಲು ಮಿಲಿಮೀಟರಿಗೆ ಒಂದು ದಿನ ಎಂಬುದು ಕೆಲಸದವರ ಅಂದಾಜು. ಅಂದರೆ ಒಂದೂವರೆ ತಿಂಗಳು. ಮೇಲೆ ಕಲ್ಲು ಮುಚ್ಚಿರುವುದರಿಂದ ಇನ್ನೂ ನಿಧಾನ. ವರ್ಷಕ್ಕೆ 3000 ಮಿ.ಮೀ. ಆಚೀಚೆ ಮಳೆ ಸುರಿಯುವ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕವೇ ನಡೆಯುವುದಿಲ್ಲ. ಮಳೆಗಾಲದಲ್ಲಿ ಹಾಸಿದ ನೆಲವನ್ನು ಬರೀ ಗುಡಿಸಿ ಒರೆಸಿಕೊಂಡು ಇಟ್ಟು, ಸೀಲರ್ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ನಡುವೆ ಇಟ್ಟುಕೊಳ್ಳುವುದೇ ಸರಿ. ಗೃಹಪ್ರವೇಶದ ಮುಹೂರ್ತಕ್ಕೂ ಸೀಲರ್‌ಗೂ ಗಂಟು ಹಾಕಬೇಡಿ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಸಂದೊಂದು ಹಾಳೆಯ ನಡುವೆ ಬರುವಂತಿರಲಿ. 24 ಗಂಟೆ ಬಿಟ್ಟು ನೋಡಿ. ಹಾಳೆಯ ಅಡಿಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅಡಿಯ ಕಲ್ಲು ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಹಾಳೆಯ ಮೇಲುಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ ತಣ್ಣಗಿನ ನೆಲಕ್ಕೆ ಕೂತದ್ದು, ನೆಲ ಬೆವರುವುದು ಎನ್ನುತ್ತಾರಲ್ಲ, ಅದು. ಬೆವರಿಗೆ ಫ್ಯಾನು, ಕಿಟಕಿ ಸಾಕು. ಕೆಳಗಿನ ತೇವಕ್ಕೆ ಕಾಯದೆ ಬೇರೆ ದಾರಿಯಿಲ್ಲ. ಒಂದೇ ಕಡೆ ನೋಡಿ ಬಿಡಬೇಡಿ. ಬಚ್ಚಲ ಗೋಡೆಯ ಪಕ್ಕ, ಧರೆಗೆ ತಾಗಿದ ಹಿಂಗೋಡೆಯ ಪಕ್ಕ, ಹಾಲ್ ನಡುವೆ, ಮೂರು ಕಡೆಯಾದರೂ ಹಾಕಿ. ಧರೆ ಕಡಿದು ಕಟ್ಟಿದ ಮನೆಗಳಲ್ಲಿ ಹಿಂಭಾಗದ ಕೋಣೆ ಫೆಬ್ರವರಿಯಲ್ಲೂ ತೇವ ತೋರಿಸುವುದುಂಟು.

ಒಣಗುವ ಹೊತ್ತಿನಲ್ಲಿ ಸಂದಿನ ಅಂಚಿಗೆ ಬಿಳಿ ಪುಡಿ ಏಳಬಹುದು. ಇದನ್ನು ಗ್ರೌಟ್ ಪೊರೆಯೆಂದು ತಿಳಿಯಬೇಡಿ. ಪೊರೆ ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಇದು ಒರೆಸಿದ ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ಗಾರೆಯೊಳಗಿನ ಸುಣ್ಣ ಮತ್ತು ಉಪ್ಪನ್ನು ನೀರು ಮೇಲೆ ತಂದು ಬಿಟ್ಟು ತಾನು ಆರಿಹೋಗುವುದರಿಂದ ಹೀಗಾಗುತ್ತದೆ. ಇದಕ್ಕೆ ನೀರು ಸುರಿದು ತೊಳೆದರೆ ಉಪ್ಪು ಕರಗಿ ಒಳಗಿಳಿದು ಮತ್ತೆ ಮೇಲೇರುತ್ತದೆ. ಒಣ ಬ್ರಷ್‌ನಲ್ಲಿ ಕೆರೆದು, ಗುಡಿಸಿ ಹೊರಗೆ ಹಾಕಿ. ವಾರಕ್ಕೊಮ್ಮೆ ಹೀಗೆ ಮಾಡುತ್ತಿದ್ದರೆ ಕಡಿಮೆಯಾಗುತ್ತ ಬರುತ್ತದೆ. ಬರುವುದು ಪೂರ್ತಿ ನಿಂತ ಮೇಲೆಯೇ ಸೀಲರ್. ನಡುವೆ ಹಚ್ಚಿದರೆ ಉಪ್ಪು ಮೈಯ ಕೆಳಗೇ ಹರಳುಗಟ್ಟಿ ಕಲ್ಲಿನ ಪದರವನ್ನೇ ಎಬ್ಬಿಸುತ್ತದೆ. ಶಹಾಬಾದ್ ಪದರು ಪದರಾಗಿ ಏಳಲು ಇದೂ ಒಂದು ಕಾರಣ. ತಿಂಗಳುಗಟ್ಟಲೆ ನಿಲ್ಲದಿದ್ದರೆ ಮರಳಿನ ಮೇಲೆ ಸಂಶಯಪಡಿ. ಭರತದ ನೀರು ಏರುವ ಅಳಿವೆಯಲ್ಲಿ ತೆಗೆದ ಮರಳಿನಲ್ಲಿ ಉಪ್ಪು ಇರುತ್ತದೆ. ಕೆಲಸ ಇನ್ನೂ ಶುರುವಾಗದವರು ಒಂದು ಹಿಡಿ ಮರಳನ್ನು ಸಿಹಿನೀರಿನ ಬಾಟಲಿಗೆ ಹಾಕಿ ಕುಲುಕಿ, ತಿಳಿಯಾದ ಮೇಲೆ ಒಂದು ಹನಿ ನಾಲಿಗೆಗೆ ಇಟ್ಟು ನೋಡಿ.

ಯಾವ ಸೀಲರ್, ಎಷ್ಟು

ಮೊದಲು, ಬೇಕೇ ಎಂದು ನೋಡಿ. ಕಲ್ಲಿನ ಮೇಲೆ ನಾಲ್ಕಾರು ಕಡೆ ನೀರಿನ ಹನಿ ಬಿಟ್ಟು 10 ನಿಮಿಷ ಕಾಯಿರಿ. ಒರೆಸಿದಾಗ ಅಡಿಯಲ್ಲಿ ಕಪ್ಪು ಗುರುತಿಲ್ಲದಿದ್ದರೆ ಆ ಕಲ್ಲು ಹೀರುತ್ತಿಲ್ಲ, ಸೀಲರ್ ಹಚ್ಚಿದರೂ ಒಳಗೆ ಹೋಗುವುದಿಲ್ಲ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಹೆಚ್ಚಾಗಿ ಹೀಗೆ. ಅದಕ್ಕೆ ಹಚ್ಚಿ ಆಮೇಲೆ ಮಂಕು ತೆಗೆಯಲು ಪರದಾಡುವ ಬದಲು ಸಂದಿಗೆ ಮಾತ್ರ ಸಣ್ಣ ಬ್ರಷ್‌ನಲ್ಲಿ ಹಚ್ಚಿ ಬಿಡಿ.

ಸೀಲರ್‌ನಲ್ಲಿ ಎರಡು ಜಾತಿ. ಒಂದು ಕಲ್ಲಿನೊಳಗೆ ಇಳಿದು ತೂತಿನ ಗೋಡೆಗೆ ನೀರು ಅಂಟದಂತೆ ಮಾಡುತ್ತದೆ. ಸಿಲೇನ್, ಸಿಲೋಕ್ಸೇನ್, ಫ್ಲೋರೋಪಾಲಿಮರ್ ಎಂದು ಡಬ್ಬಿಯ ಮೇಲೆ ಬರೆದಿರುವಂಥವು. ಇನ್ನೊಂದು ಮೇಲೆ ಪದರ ಕಟ್ಟುವ ಅಕ್ರಿಲಿಕ್, ಪಾಲಿಯುರೆಥೇನ್. ಅಂಗಡಿಯಲ್ಲಿ ತೋರಿಸುವಾಗ ಎರಡನೆಯದೇ ಚಂದ, ಹಚ್ಚಿದ ತಕ್ಷಣ ಫಳಫಳ. ನಮ್ಮ ಹವೆಗೆ ಅದು ಹೊಂದುವುದಿಲ್ಲ. ಮಳೆಗಾಲದಲ್ಲಿ ನೆಲದ ತೇವ ಮೇಲೆ ಬಂದು ಪದರದ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಾಲಿನ ಬಣ್ಣದ ಮಚ್ಚೆ ಏಳುತ್ತದೆ, ಆಮೇಲೆ ಸುಲಿಯುತ್ತದೆ. ಜಗಲಿಗೆ ಹಚ್ಚಿದರೆ ಒದ್ದೆ ಕಾಲಿಗೆ ಜಾರುವುದು ಬೇರೆ. ಚಿರೆಕಲ್ಲಿನ ಜಗಲಿಗೆ ಮಿಂಚುವ ವಾರ್ನಿಷ್ ಹಚ್ಚುವ ಹೊಸ ಹುಚ್ಚಿನ ಗತಿಯೂ ಇದೇ. ಅಲ್ಲಿಗೆ ಸಿಲೇನ್–ಸಿಲೋಕ್ಸೇನ್ ಬಿಟ್ಟು ಬೇರೇನೂ ಬೇಡ. ಉಸಿರಾಡಲು ಬಿಡುತ್ತದೆ, ಪಾಚಿ ಹಿಡಿಯುವುದನ್ನು ತಡಮಾಡುತ್ತದೆ. ಪೂರ್ತಿ ನಿಲ್ಲಿಸುವುದಿಲ್ಲ. ಆಟಿಯ ಮಳೆಯಲ್ಲಿ ಮಿರ್ಜಾನ್ ಕೋಟೆಯ ಚಿರೆಕಲ್ಲು ಗೋಡೆ ನೋಡಿದವರಿಗೆ ಪಾಚಿಯ ಹಟ ಎಷ್ಟೆಂದು ಹೇಳಬೇಕಿಲ್ಲ.

ಕಡಪ ಕಪ್ಪಾಗಿ ಕಾಣಲೆಂದು ತೆಂಗಿನೆಣ್ಣೆ, ಸೀಮೆಎಣ್ಣೆ, ಹಳೆ ಎಂಜಿನ್ ಆಯಿಲ್ ಸವರುವವರಿದ್ದಾರೆ. ಎಣ್ಣೆ ಕುಡಿದ ಕಲ್ಲಿಗೆ ಸೀಲರ್ ಹಿಡಿಯುವುದಿಲ್ಲ, ಧೂಳು ಚೆನ್ನಾಗಿ ಹಿಡಿಯುತ್ತದೆ. ಕಪ್ಪೇ ಬೇಕೆಂದರೆ ಬಣ್ಣ ಗಾಢಗೊಳಿಸುವ ಗುಣವಿರುವ, ಒಳಗಿಳಿಯುವ ಜಾತಿಯ ಸೀಲರ್ ಸಿಗುತ್ತದೆ. ಅದನ್ನು ಹಚ್ಚಿದ ಮೇಲೆ ಹಳೆಯ ಬಣ್ಣಕ್ಕೆ ಮರಳುವುದು ಕಷ್ಟ ಎಂಬುದನ್ನು ತಿಳಿದೇ ಹಚ್ಚಿ.

ಒಂದು ಲೀಟರ್ ಎಷ್ಟಕ್ಕೆ ಬರುತ್ತದೆ? ಡಬ್ಬಿಯ ಮೇಲೆ ದೊಡ್ಡ ಅಂಕಿ ಇರುತ್ತದೆ, ಅದು ನುಣುಪು ಕಲ್ಲಿನ ಲೆಕ್ಕ. ಪಾಲಿಶ್ ಆದ ಕೋಟಾ, ಕಡಪಕ್ಕೆ 100ರಿಂದ 150 ಚದರ ಅಡಿ ಹಿಡಿಯಿರಿ. ಒರಟು ಮುಖದ ಕೋಟಾ, ಶಹಾಬಾದ್‌ಗೆ 60ರಿಂದ 90. ಚಿರೆಕಲ್ಲು ಮೊದಲ ಕೈಗೆ 20ರಿಂದ 40 ಚದರ ಅಡಿಗೇ ಒಂದು ಲೀಟರ್ ಕುಡಿದುಬಿಡುತ್ತದೆ. ಎರಡನೇ ಕೈಗೆ ಸುಮಾರು ಅರ್ಧ ಸಾಕು. 12×14 ಅಡಿಯ ಹಾಲ್ 168 ಚದರ ಅಡಿ. ಪಾಲಿಶ್ ಕೋಟಾ ಆದರೆ ಎರಡು ಕೈಗೆ ಎರಡರಿಂದ ಎರಡೂವರೆ ಲೀಟರ್.

ಹಚ್ಚುವ ದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಬಾಗಿಲಿನಿಂದ ನೇರ ಬಿಸಿಲು ಬೀಳುವ ಜಾಗವನ್ನು ಸಂಜೆಗೆ ಬಿಡಿ. ಬಿಸಿ ಕಲ್ಲಿನ ಮೇಲೆ ಸೀಲರ್ ಇಳಿಯುವ ಮೊದಲೇ ಆರುತ್ತದೆ. ಸೀಲರ್ ದ್ರಾವಕ (ಥಿನ್ನರ್‌ನಂಥ, ಬೆಂಕಿ ಹಿಡಿಯುವ ದ್ರವ) ಆಧಾರಿತವಾದರೆ ಗ್ಯಾಸ್ ಒಲೆ, ದೇವರ ದೀಪ ಎರಡೂ ಆರಿರಬೇಕು, ಕಿಟಕಿ ತೆರೆದಿರಬೇಕು. ಮೊದಲು ಮಂಚದ ಅಡಿಯೋ ಮೂಲೆಯೋ ಒಂದು ಕಲ್ಲಿಗೆ ಹಚ್ಚಿ ಒಂದು ದಿನ ಬಿಟ್ಟು ಬಣ್ಣ ನೋಡಿ. ಸರಿಯೆನಿಸಿದರೆ ಚಪ್ಪಟೆ ಮೈಕ್ರೋಫೈಬರ್ ಪ್ಯಾಡ್‌ನಲ್ಲಿ, ಒರಟು ಕಲ್ಲಿಗಾದರೆ ಬ್ರಷ್‌ನಲ್ಲಿ, 30–40 ಚದರ ಅಡಿಯಷ್ಟು ಜಾಗಕ್ಕೆ ಹಚ್ಚಿ. ಸಂದೂ ಸೇರಿಯೇ. 5ರಿಂದ 10 ನಿಮಿಷ ಒದ್ದೆಯಾಗಿ ಕಾಣುತ್ತಿರಲಿ. ಬೇಗ ಹೀರಿದ ಕಲ್ಲಿಗೆ ಅಲ್ಲೇ ಇನ್ನಷ್ಟು ಕೊಡಿ. ಆಮೇಲೆ ಮೇಲುಳಿದ ಅಷ್ಟನ್ನೂ ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು. ಕೆಲಸ ಕೆಡುವುದು ಇಲ್ಲೇ. ದುಡ್ಡು ಕೊಟ್ಟು ತಂದದ್ದನ್ನು ಒರೆಸಿ ಬಿಸಾಡುವುದೇ ಎಂದು ಹಾಗೇ ಬಿಟ್ಟರೆ ಮಂಕು ಗೆರೆ, ಅಂಟು, ಹೆಜ್ಜೆ ಗುರುತು. ಹಾಗಾದರೂ ಗಾಬರಿ ಬೇಡ: ಅದೇ ಸೀಲರನ್ನು ಗೆರೆಯ ಮೇಲೆ ಇನ್ನೊಮ್ಮೆ ಸವರಿ, ಒಂದೆರಡು ನಿಮಿಷಕ್ಕೆ ಮೆತ್ತಗಾದ ಕೂಡಲೇ ಒರೆಸಿದರೆ ಎದ್ದು ಬರುತ್ತದೆ. ಎರಡು ದಿನ ಕಳೆದರೆ ಬರುವುದಿಲ್ಲ.

ಎರಡನೇ ಕೈ ಎಷ್ಟು ಹೊತ್ತಿಗೆ ಎಂಬುದು ಡಬ್ಬಿಯ ಮೇಲಿರುತ್ತದೆ, ಅದರಂತೆಯೇ ನಡೆಯಿರಿ. 24 ಗಂಟೆ ಓಡಾಟ ಬೇಡ, ಮೂರು ದಿನ ನೀರು ಬೇಡ. ದ್ರಾವಕ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಬಿಡಿಸಿ ಹೊರಗೆ ಒಣಗಿಸಿ. ಈ ಅವಧಿಯಲ್ಲೇ ಗ್ರಿಲ್ ಕೂರಿಸಲು ವೆಲ್ಡರ್ ಬರುವುದೂ ಹೆಚ್ಚು. ಕತ್ತರಿಸುವಾಗ ಹಾರುವ ಕಿಡಿ ಕಬ್ಬಿಣದ ಪುಡಿಯೇ. ಕಲ್ಲಿಗೆ ಅಂಟಿದರೆ ಕಾರವಾರದ ಗಾಳಿಗೆ ಎರಡೇ ದಿನದಲ್ಲಿ ಕಂದು ಚುಕ್ಕೆ. ದಪ್ಪ ತಾಡಪಾಲು ಹಾಸದೆ ಕಟರ್ ಚಾಲೂ ಮಾಡಲು ಬಿಡಬೇಡಿ.

ಸೀಲರ್ ಹಚ್ಚಿದ ನೆಲಕ್ಕೆ ಕಲೆಯೇ ಆಗುವುದಿಲ್ಲ ಎಂದಲ್ಲ. ಒರೆಸಲು ಸಮಯ ಸಿಗುತ್ತದೆ, ಅಷ್ಟೇ. ತೆಂಗಿನೆಣ್ಣೆ, ಅರಿಶಿನ, ಕವಳದ ಕೆಂಪು ಹತ್ತು ಹದಿನೈದು ನಿಮಿಷದಲ್ಲಿ ಒರೆಸಿದರೆ ಗುರುತಿರುವುದಿಲ್ಲ. ಹುಳಿಯ ಮಾತು ಬೇರೆ. ಅಪ್ಪೆಹುಳಿ, ಮುರುಗಲು, ನಿಂಬೆ, ಹುಣಸೆಹುಳಿ ಚೆಲ್ಲಿದರೆ ಸೀಲರ್ ಇದ್ದರೂ ಸುಣ್ಣಕಲ್ಲಿನ ಪಾಲಿಶ್ ತಿನ್ನುತ್ತದೆ, ಏಕೆಂದರೆ ಸೀಲರ್ ಇರುವುದು ತೂತಿನೊಳಗೆ, ಮೇಲಿನ ಮೈ ಬರಿದೇ. ಆ ಮಂಕು ಕಲೆಯಲ್ಲ, ಸವೆತ. ಎಷ್ಟು ತೊಳೆದರೂ ಹೋಗದು, ಪಾಲಿಶ್ ಮಾಡಿಸಬೇಕು. ಅಡಿಗೆಮನೆಗೆ ಕೋಟಾ ಹಾಕುವವರು ಮೊದಲೇ ಮಿರುಗು ಪಾಲಿಶ್ ಬಿಟ್ಟು ಮಂದ ಪಾಲಿಶ್ ಆರಿಸಿಕೊಂಡರೆ ಈ ಗುರುತು ಎದ್ದು ಕಾಣುವುದಿಲ್ಲ.

ಹೀರಿಹೋದ ಎಣ್ಣೆಗೆ ಅಡಿಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಕಾಲಿಂಚು ದಪ್ಪ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಮೆತ್ತಿದ್ದು ತಾನಾಗಿ ಒಣಗುವವರೆಗೆ ಮುಟ್ಟಬೇಡಿ. ಎಣ್ಣೆ ಮೇಲೆ ಬರುವುದು ಒಣಗುವಾಗಲೇ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾದೀತು. ಮುಲ್ತಾನಿ ಮಿಟ್ಟಿ ಬಳಸುವವರು ತಿಳಿ ಕಲ್ಲಿಗೆ ಬಳಸಬೇಡಿ, ಅದರಲ್ಲೂ ಕಬ್ಬಿಣದ ಬಣ್ಣವಿದೆ. ಕಲೆ ತೆಗೆದ ಜಾಗಕ್ಕೆ, ಪೂರ್ತಿ ಒಣಗಿದ ಮೇಲೆ, ಮತ್ತೆ ಸೀಲರ್.

ದಿನದ ಒರೆಸುವಿಕೆಗೆ ಫಿನಾಯಿಲ್, ವಿನೆಗರ್, ಹುಳಿವಾಸನೆಯ ಕ್ಲೀನರ್ ಯಾವುದೂ ಬೇಡ, ಬರೀ ನೀರು ಸಾಕು, ವಾರಕ್ಕೊಮ್ಮೆ ಪಿಎಚ್ 7ರ ಕ್ಲೀನರ್. ಮತ್ತೆ ಯಾವಾಗ ಹಚ್ಚಬೇಕೆಂಬುದಕ್ಕೆ ವರ್ಷದ ಲೆಕ್ಕ ಬೇಕಿಲ್ಲ. ಪ್ರತಿ ವರ್ಷ ಜನವರಿಯಲ್ಲಿ ಹೆಬ್ಬಾಗಿಲ ಒಳಗೆ, ಒಲೆಯ ಮುಂದೆ, ಊಟದ ಜಾಗದಲ್ಲಿ ನೀರಿನ ಹನಿ ಬಿಟ್ಟು ನೋಡಿ. ಓಡಾಟವಿರುವ ಕಡೆ ಮೊದಲು ಸವೆಯುತ್ತದೆ. ಹೀರಲು ಶುರುವಾದ ಅಷ್ಟೇ ಜಾಗವನ್ನು ತೊಳೆದು ಒಣಗಿಸಿ ಒಂದು ಕೈ ಹಚ್ಚಿದರೆ ಸಾಕು; ಮಂಚದಡಿಯ ಕಲ್ಲಿಗೆ ಸೀಲರ್ ಸುರಿಯುವ ಅಗತ್ಯವಿಲ್ಲ.